ಶುಭ ಶುಕ್ರವಾರ ಹೊಡೆದ ಗಂಟೆ

ಗದ್ದೆಯಲ್ಲಿ ಬಗ್ಗಿದ ಹೆಂಗಸರಿಂದ ಹಿಡಿದು ಒಲೆಯ ಮುಂದೆ ಕೂತ ಮುದುಕಿಯರವರೆಗೆ ನಮ್ಮೂರಿನವರೆಲ್ಲ ಇಗರ್ಜಿಯ ಗಂಟೆ ಕೇಳಿ ಹೊತ್ತು ತಿಳಿಯುತ್ತಿದ್ದ ದಿನಗಳವು. ಆ ಗಂಟೆ ಹೊಡೆಯುತ್ತಿದ್ದವನು ನನ್ನ ಅಜ್ಜ. ಮನೆಯಲ್ಲಿ ನಾವು ಅವನನ್ನು ಶಾಪಾಯ್ ಅನ್ನುತ್ತಿದ್ದೆವು. ಊರಿಗೆಲ್ಲ ಅವನು ಗಂಟೆ ಪಾವಲಜ್ಜ.

ಮನೆಯಲ್ಲಿ ನಾಲ್ಕು ಜನ ಇದ್ದೆವು. ಶಾಪಾಯ್, ನನ್ನ ಅಮ್ಮ, ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ನಲ್ಲಿ ರಿಪೇರಿ ಮಾಡುತ್ತ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ಅಪ್ಪ, ಮತ್ತು ಹತ್ತು ವರ್ಷದ ಹುಡುಗಿ ನಾನು, ಫಿಲು. ಅಮ್ಮನನ್ನು ನಾನು ಮಾಯ್ ಎಂದು ಕರೆಯುತ್ತಿದ್ದೆ. ಮನೆಯ ಮಾತು ಕೊಂಕಣಿ, ಗದ್ದೆಯ ಮಾತು ಕನ್ನಡ. ಶಾಪಾಯ್ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದ. ನನಗೆ ಬಂದ ಮಾತೂ ಅವನದೇ, ಹಾಗಾಗಿ ಇಲ್ಲಿ ಅವನ ಮಾತನ್ನೆಲ್ಲ ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತೇನೆ.

ಕಾರವಾರದಿಂದ ಅಂಕೋಲೆಗೆ ಹೋಗುವ ರಸ್ತೆ ಬಿಟ್ಟು ಒಳಗೆ ಇಳಿದರೆ ನಮ್ಮ ಕೇರಿ. ಇಗರ್ಜಿ ಸಣ್ಣದು, ಹಂಚಿನದು. ಮುಂದೆ ಕಲ್ಲಿನ ಕಂಬಗಳ ನಡುವೆ ಗಂಟೆ. ಅದರ ಹಗ್ಗ ಶಾಪಾಯ್ ಅಂಗೈ ತಾಗಿ ತಾಗಿ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು. ಇಗರ್ಜಿಯ ಕೆಳಗೆ ಮರಳು ಮಣ್ಣಿನ ಗದ್ದೆ. ಮಳೆಗಾಲದಲ್ಲಿ ಭತ್ತ, ಬೇಸಿಗೆಯಲ್ಲಿ ಶೇಂಗಾ. ಏಪ್ರಿಲ್ ಬಂತೆಂದರೆ ಶೇಂಗಾ ಕೀಳಲು ಹತ್ತು ಹನ್ನೆರಡು ಕೂಲಿ ಹೆಂಗಸರು ಸಾಲು ಹಿಡಿದು ಕೂರುತ್ತಿದ್ದರು. ಆಗ ತಾನೇ ಕಿತ್ತ ಬಳ್ಳಿಯ ಹಸಿ ವಾಸನೆ, ಇಗರ್ಜಿಯೊಳಗಿನ ಮೇಣದ ವಾಸನೆ, ಗುಡ್ಡದ ಕಡೆಯಿಂದ ಬರುವ ಗೇರುಹಣ್ಣಿನ ಹುಳಿ ವಾಸನೆ, ಈ ಮೂರೂ ಸೇರಿದರೆ ನನ್ನ ಮಟ್ಟಿಗೆ ಅದು ತಪಸ್ಸಿನ ಕಾಲ, ಪಾಸ್ಕ ಹಬ್ಬಕ್ಕೆ ಮುಂಚಿನ ನಲವತ್ತು ದಿನ.

ದಿನಕ್ಕೆ ಮೂರು ಸಲ ಗಂಟೆ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಏಳಕ್ಕೆ. ಮೂರು ಪೆಟ್ಟು, ಬಿಡುವು, ಮೂರು ಪೆಟ್ಟು, ಬಿಡುವು, ಮೂರು ಪೆಟ್ಟು, ಆಮೇಲೆ ಒಂಬತ್ತು. ನಿನಗೆ ದೇವರ ಮಗ ಹುಟ್ಟುತ್ತಾನೆ ಎಂದು ದೇವದೂತ ಮರಿಯಮ್ಮನಿಗೆ ಸುದ್ದಿ ಹೇಳಿದ್ದರ ನೆನಪಿಗೆ ನಮ್ಮವರು ನಿಂತಲ್ಲೇ ನಿಂತು ಪ್ರಾರ್ಥನೆ ಹೇಳುತ್ತಿದ್ದರು. ಗದ್ದೆಯ ಹೆಂಗಸರಿಗೆ ಮರಿಯಮ್ಮ ಗೊತ್ತಿರಲಿಲ್ಲ, ಹನ್ನೆರಡರ ಗಂಟೆ ಗೊತ್ತಿತ್ತು. ಅದು ಊಟದ ಗಂಟೆ. ಗದ್ದೆ ನೋಡಿಕೊಳ್ಳುತ್ತಿದ್ದ ಗಣಪು ಎಂಬವನು, ಹೆಂಗಸರು ನೆರಳು ನೋಡಿ ಹೊತ್ತು ಹೇಳಿದರೆ ಒಪ್ಪುತ್ತಿರಲಿಲ್ಲ. ಗಂಟೆಯಾಗದೆ ಯಾರೂ ಸಾಲು ಬಿಟ್ಟು ಏಳುವ ಹಾಗಿರಲಿಲ್ಲ.

ಹೆಂಗಸರಲ್ಲಿ ಹಿರಿಯಳು ನಾಗಕ್ಕ. ಕೊರಳ ತುಂಬ ಕರಿಮಣಿ, ಬಾಯ್ತುಂಬ ಎಲೆಅಡಿಕೆ. ಶಾಪಾಯ್ ಗದ್ದೆಯ ಬದುವಿನ ಮೇಲೆ ಹೋಗುವುದು ಕಂಡರೆ ಅವಳಿಗೆ ಸುಮ್ಮನಿರಲು ಆಗುತ್ತಿರಲಿಲ್ಲ.

"ಪಾವಲಜ್ಜಾ, ಇವತ್ತು ಒಂದ್ ಚೂರು ಬೇಗ ಹೊಡ್ಯೋ ಮಾರಾಯಾ. ಬೆನ್ನು ಹಿಡ್ಕಂಡದೆ."

"ನಾ ಬೇಗ ಹೊಡದ್ರೆ ಗಣಪು ಬಂದು ನನ್ನೇ ಹೊಡೀತಾ."

"ಹೊಡೀಲಿ ಬಿಡು. ಗಂಟೆ ಹಾಂಗೇ ನೀನೂ ಊರಿಗೆಲ್ಲ ಕೇಳೂ ಹಾಂಗೆ ಕೂಗು."

ಸಾಲಿಡೀ ನಗುತ್ತಿತ್ತು. ಶಾಪಾಯ್ ಕೂಡ ನಗುತ್ತಿದ್ದ. ಆದರೆ ಒಂದು ನಿಮಿಷವೂ ಬೇಗ ಹೊಡೆಯುತ್ತಿರಲಿಲ್ಲ, ತಡವಾಗಿಯೂ ಹೊಡೆಯುತ್ತಿರಲಿಲ್ಲ. ಅವನ ಬಳಿ ಚಾವಿ ಕೊಡುವ ಒಂದು ಹಳೆಯ ವಾಚು. ಹಿಂದೆ ಇದ್ದ ಯಾವುದೋ ಪಾದ್ರಿ ಕೊಟ್ಟು ಹೋದದ್ದು. ರೇಡಿಯೋದಲ್ಲಿ ವಾರ್ತೆಗೆ ಮುಂಚೆ ಪೀಂ ಪೀಂ ಎಂದಾಗ ದಿನವೂ ಅದರ ಮುಳ್ಳು ನೋಡಿ ಸರಿಮಾಡುತ್ತಿದ್ದ.

"ಹೊತ್ತಿಗೆ ಸರಿಯಾಗಿ ಹೊಡದ್ರೆ ಅದು ಪ್ರಾರ್ಥನೆ ಮಗಾ. ಹೊತ್ತು ತಪ್ಪಿದ್ರೆ ಬರೀ ಕಂಚಿನ ಸದ್ದು," ಅನ್ನುತ್ತಿದ್ದ. ಒಮ್ಮೆ ನಾನು, ಐದು ನಿಮಿಷ ಆಚೆ ಈಚೆ ಆದರೆ ದೇವರಿಗೇನು ನಷ್ಟ ಎಂದು ಕೇಳಿದೆ.

"ದೇವದೂತ ಮರಿಯಮ್ಮನ ಮನೆಗೆ ಬಂದದ್ದು ಎಷ್ಟು ಸಲ?"

"ಒಂದ್ ಸಲ."

"ಆಗ ಅವಳು, ‘ಒಲೆ ಮೇಲೆ ಅನ್ನ ಇಟ್ಟಿದ್ದೆ, ನಾಳೆ ಬಾ’ ಹೇಳಿ ಹೇಳಿದ್ರೆ?"

"ನಾಳೆ ಬರ್ತಿದ್ದ."

"ಬರೂದಿಲ್ಲ. ಅವ ಹೂಂ ಅಂದ್ಕಂಡು ತಿರುಗಿ ಹೋಗ್ತಿದ್ದ. ಕೇಳ್ದಾಗಲೇ ಹೇಳ್ಬೇಕು. ಅದಕ್ಕೇ ಅವಳು ಮರಿಯಮ್ಮ, ನೀ ಫಿಲು."

ನನಗೆ ಸಿಟ್ಟು ಬಂದಿತ್ತು. ಅವನು ಜೇಬಿನಿಂದ ಬೆಲ್ಲದ ಚೂರು ತೆಗೆದು ಕೊಟ್ಟ. ಬೆಲ್ಲಕ್ಕೆ ನಶ್ಯದ ವಾಸನೆ ಹತ್ತಿತ್ತು.

ಆ ವರ್ಷ ತಪಸ್ಸಿನ ಕಾಲ ಶುರುವಾಗುವಷ್ಟರಲ್ಲಿ ಶಾಪಾಯ್ ಕಣ್ಣಿಗೆ ಪೊರೆ ದಟ್ಟವಾಗಿತ್ತು. ಮಾಯ್‌ಗೂ ಅಪ್ಪನಿಗೂ ಅದು ಪೂರ್ತಿ ಗೊತ್ತಿರಲಿಲ್ಲ. ಅಂಗಳ, ಇಗರ್ಜಿ, ಮೆಟ್ಟಿಲು ಎಲ್ಲ ಕಾಲಿಗೆ ಪರಿಚಯವಿದ್ದುದರಿಂದ ಅವನು ಎಡವುತ್ತಿರಲಿಲ್ಲ. ಆದರೆ ವಾಚಿನ ಮುಳ್ಳು ಕಾಣುತ್ತಿರಲಿಲ್ಲ. ಒಂದು ದಿನ ನನ್ನನ್ನು ಹಿತ್ತಲಿಗೆ ಕರೆದು, ವಾಚನ್ನು ನನ್ನ ಕೈಗೆ ಕೊಟ್ಟು, "ಎಷ್ಟಾಯ್ತು ಹೇಳು" ಎಂದ. ಹೇಳಿದೆ. "ದೊಡ್ಡವರಿಗೆ ಹೇಳ್ಬೇಡ. ಕಣ್ಣು ಕಾಣೂದಿಲ್ಲ ಹೇಳಿ ಗೊತ್ತಾದ್ರೆ ಹಗ್ಗ ಬೇರೆಯವರ ಕೈಗೆ ಕೊಡ್ತ್ರು. ಹಗ್ಗ ಬಿಟ್ಟು ನಾ ಎಂತ ಮಾಡೂದು ಮಗಾ?" ಎಂದ.

ಅಂದಿನಿಂದ ನಾನು ಅವನ ಕಣ್ಣು. ಬೆಳಿಗ್ಗೆ ಸಂಜೆ ರೇಡಿಯೋ ಇತ್ತು. ಮಧ್ಯಾಹ್ನದ ಗಂಟೆಗೆ ನಾನೇ ಬೇಕು. ಶಾಲೆ ಇಗರ್ಜಿಗೆ ತಾಗಿಯೇ ಇತ್ತು. ಹನ್ನೆರಡಕ್ಕೆ ಐದು ನಿಮಿಷವಿದೆ ಎನ್ನುವಾಗ ನೀರು ಕುಡಿಯುವ ನೆಪ ಹೇಳಿ ಓಡಿ ಬಂದು ವಾಚು ನೋಡುತ್ತಿದ್ದೆ. ಅವನು ಹಗ್ಗ ಹಿಡಿದು ನಿಂತಿರುತ್ತಿದ್ದ. ನಾನು "ಈಗ" ಅನ್ನುತ್ತಿದ್ದೆ. ಗಂಟೆ ಹೊಡೆಯುತ್ತಿತ್ತು. ಗದ್ದೆಯಲ್ಲಿ ನಾಗಕ್ಕ ಸೊಂಟಕ್ಕೆ ಕೈಕೊಟ್ಟು ಏಳುತ್ತಿದ್ದಳು. ಇಡೀ ಊರು ನನ್ನ ಒಂದು ಮಾತಿಗೆ ಏಳುತ್ತದೆ, ಕೂರುತ್ತದೆ ಎಂದು ನನಗೆ ಒಳಗೊಳಗೇ ಎಷ್ಟು ಜಂಬ.

ವರ್ಷದಲ್ಲಿ ಎರಡು ದಿನ ಮಾತ್ರ ಗಂಟೆ ಇಲ್ಲ, ಯೇಸು ಶಿಲುಬೆಯ ಮೇಲೆ ಸತ್ತ ಶುಭ ಶುಕ್ರವಾರ ಮತ್ತು ಅದರ ಮರುದಿನ ಶನಿವಾರ. ಪವಿತ್ರ ಗುರುವಾರ ಸಂಜೆಯ ಪೂಜೆಯಲ್ಲಿ ಮಹಿಮೆಯ ಹಾಡು ಬಂದಾಗ ಉದ್ದಕ್ಕೆ ಹೊಡೆದು, ಆಮೇಲೆ ಹಗ್ಗವನ್ನು ಮೇಲೆತ್ತಿ ಮೊಳೆಗೆ ಕಟ್ಟಿಬಿಟ್ಟರೆ, ಶನಿವಾರ ರಾತ್ರಿ, ಯೇಸು ಮತ್ತೆ ಎದ್ದ ಪಾಸ್ಕದ ಪೂಜೆಯಲ್ಲಿ ಅದೇ ಹಾಡು ಬರುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ದೇವರ ಮಗ ಸತ್ತಿರುವಾಗ ಕಂಚು ಸದ್ದು ಮಾಡಬಾರದು. ಆ ಎರಡು ದಿನ ಜನರನ್ನು ಕರೆಯಲು ಮರದ ಕಟಕಟಿ. ಹಲಗೆಗೆ ಕಬ್ಬಿಣದ ಬಳೆ ಸಿಕ್ಕಿಸಿದ್ದು. ಅಲ್ಲಾಡಿಸಿದರೆ ಕಟಕಟ ಎಂದು ಒಣ ಸದ್ದು. ಇಗರ್ಜಿಯ ಸುತ್ತಿನ ನಾಲ್ಕು ಮನೆಗೆ ಕೇಳಿದರೆ ಹೆಚ್ಚು.

ಗದ್ದೆಯ ಹೆಂಗಸರಿಗೆ ಅದು ಕೇಳುತ್ತಿರಲಿಲ್ಲ. ಅದಕ್ಕೆ ಶಾಪಾಯ್ ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದ. ಆ ಎರಡು ದಿನ ಹನ್ನೆರಡಕ್ಕೆ ಸರಿಯಾಗಿ ಗದ್ದೆಯ ತಲೆಗೆ ಹೋಗಿ, ಹೆಗಲ ಮೇಲಿನ ಕೆಂಪು ಚೌಕಳಿ ಪಂಜಿಯನ್ನು ಎತ್ತಿ ಮೂರು ಸಲ ಬೀಸುತ್ತಿದ್ದ. ಗಣಪು ಕೂಡ ಅದನ್ನು ಗಂಟೆಯೆಂದೇ ಒಪ್ಪಿಕೊಂಡಿದ್ದ.

"ಇವತ್ತು ನಿನ್ನ ಗಂಟೆಗೆ ನಾಲಗೆ ಇಲ್ಲನಾ ಅಜ್ಜಾ?" ಎಂದು ನಾಗಕ್ಕ ಕೇಳುತ್ತಿದ್ದಳು.

"ಅದು ದುಃಖದಲ್ಲಿ ಅದೆ. ಉಣ್ಣಿ ಹೋಗಿ."

ಆ ಶುಭ ಶುಕ್ರವಾರ ಬೆಳಿಗ್ಗೆ ಅವನು ನನ್ನನ್ನು ಕರೆದ. ಗದ್ದೆಯ ಬದು ಹಿಂದಿನ ವಾರವಷ್ಟೇ ಕಡಿದು ಬೇರೆ ಕಟ್ಟಿದ್ದರು. ಹೊಸ ದಾರಿ ಅವನ ಕಾಲಿಗೆ ಗೊತ್ತಿರಲಿಲ್ಲ. ವಾಚನ್ನು ನನ್ನ ಅಂಗೈಯಲ್ಲಿಟ್ಟು, ಪಂಜಿಯನ್ನು ನನ್ನ ಹೆಗಲಿಗೆ ಹಾಕಿದ.

"ಇವತ್ತು ಗಂಟೆ ಇಲ್ಲ. ಎರಡೂ ಮುಳ್ಳು ಒಂದರ ಮೇಲೊಂದು ನಿಂತಾಗ ಗದ್ದೆ ತಲೆಗೆ ಹೋಗಿ ಮೂರು ಸಲ ಬೀಸು. ಬಿಸಿಲು ಜೋರದೆ, ತಡ ಮಾಡ್ಬೇಡ. ತಿಳೀತಾ?"

"ತಿಳೀತು ಶಾಪಾಯ್."

ಆ ದಿನ ನಮಗೆ ಉಪವಾಸ. ಹತ್ತು ವರ್ಷವಾದವರು ಮೂರು ಗಂಟೆಯ ಪ್ರಾರ್ಥನೆ ಮುಗಿಯುವವರೆಗೆ ಗಂಜಿಯ ತಿಳಿ ಬಿಟ್ಟು ಏನೂ ಬಾಯಿಗೆ ಹಾಕಬಾರದೆಂದು ನಮ್ಮ ಮನೆಯ ಕಟ್ಟಳೆ. ನನಗೆ ಅದು ಮೊದಲ ವರ್ಷ. ಬೆಳಿಗ್ಗೆ ಹತ್ತಕ್ಕೇ ಹೊಟ್ಟೆ ಕರುಳು ತಿನ್ನುತ್ತಿತ್ತು. ಶಾಲೆಯ ಹಿಂದೆ ಒಂದು ಇಶಾಡಿ ಮಾವಿನ ಮರ. ಹಣ್ಣಾಗಲು ಇನ್ನೂ ತಿಂಗಳಿದ್ದರೂ ಕಾಯಿ ಬಲಿತು ತೂಗುತ್ತಿದ್ದವು. ನಾನು ಏನೂ ಯೋಚಿಸದೆ ಆ ಕಡೆ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಮನೆಯಿಂದ ಹೊರಡುವಾಗಲೇ ಉಪ್ಪು, ಮೆಣಸಿನ ಪುಡಿ ಕಾಗದದಲ್ಲಿ ಕಟ್ಟಿಕೊಂಡಿದ್ದೆ.

ಮರದ ಕೆಳಗೆ ನಿಂತು ವಾಚು ನೋಡಿದೆ. ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿತ್ತು. ಒಂದು ಕಾಯಿ ಬೀಳಿಸಿ ತಿಂದು ಹೋಗಲು ಸಾಕಷ್ಟು ಹೊತ್ತು. ಕಲ್ಲು ಹೊಡೆದೆ, ತಾಗಲಿಲ್ಲ. ಇನ್ನೊಂದು ಹೊಡೆದೆ. ಮತ್ತೊಂದು. ಕಲ್ಲು ತಾಗಿ ಕಾಯಿ ಅಲ್ಲಾಡುವುದು, ಬೀಳದಿರುವುದು. ನಾನು ಹಟಕ್ಕೆ ಬಿದ್ದೆ. ಪಂಜಿಯನ್ನು ಬೇರಿನ ಮೇಲಿಟ್ಟೆ, ವಾಚನ್ನು ಅದರೊಳಗೆ ಸುತ್ತಿಟ್ಟೆ, ಕಲ್ಲು ತಾಗಿ ಒಡೆಯಬಾರದೆಂದು. ಕೊನೆಗೆ ಒಂದು ಬಿತ್ತು. ಕಲ್ಲಿಗೆ ಜಜ್ಜಿ, ಉಪ್ಪು ಮೆಣಸು ಒತ್ತಿ ಕಚ್ಚಿದೆ. ಹುಳಿಗೆ ಕಣ್ಣು ಮುಚ್ಚಿತು. ಆ ರುಚಿ ಇನ್ನೂ ನಾಲಗೆಯ ಮೇಲಿದೆ.

ಎರಡನೆಯ ಕಾಯಿ ತಿನ್ನುತ್ತಿದ್ದೆ. ಬಾಯ್ತುಂಬ ಮಾವಿನಕಾಯಿ ಇರುವಾಗ ಗಂಟೆ ಹೊಡೆಯಿತು.

ಮೂರು ಪೆಟ್ಟು. ಬಿಡುವು. ಮೂರು ಪೆಟ್ಟು.

ನನಗೆ ಮೊದಲು ಅರ್ಥವಾಗಲಿಲ್ಲ. ಪಂಜಿ ಬಿಚ್ಚಿ ವಾಚು ನೋಡಿದೆ. ಹನ್ನೆರಡು ಇಪ್ಪತ್ತೆರಡು. ಇನ್ನೂ ಒಂಬತ್ತು ಪೆಟ್ಟು ಹೊಡೆಯುತ್ತಿತ್ತು. ನಾನು ಎಣಿಸಿದೆ. ಒಂದನ್ನೂ ಬಿಡಲಿಲ್ಲ ಅವನು.

ಓಡಿ ಬರುವಷ್ಟರಲ್ಲಿ ಇಗರ್ಜಿಯ ಅಂಗಳದಲ್ಲಿ ಜನ ಸೇರಿದ್ದರು. ಕಪ್ಪು ಸೀರೆಯ ಹೆಂಗಸರು, ಮೂರು ಗಂಟೆಯ ಪ್ರಾರ್ಥನೆಗೆ ಶಿಲುಬೆ ಸಿದ್ಧಮಾಡುತ್ತಿದ್ದ ಗಂಡಸರು. ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತ ಮಾಯ್. ಶಾಪಾಯ್ ಗಂಟೆಯ ಕೆಳಗೆ ನಿಂತಿದ್ದ. ಹಗ್ಗ ಇನ್ನೂ ಅವನ ಕೈಯಲ್ಲಿತ್ತು. ಮೊಳೆಯಿಂದ ಗಂಟು ಬಿಚ್ಚಿ ಇಳಿಸಿದ್ದ ಹಗ್ಗ. ಮರೆತವನು ಕಟ್ಟಿಟ್ಟ ಹಗ್ಗದ ಗಂಟು ಬಿಚ್ಚುವಾಗಲಾದರೂ ನೆನಪು ಮಾಡಿಕೊಳ್ಳುವುದಿಲ್ಲವೇ ಎಂದು ಯಾರೂ ಯೋಚಿಸಲಿಲ್ಲ.

ಇಗರ್ಜಿಯ ಫಾದರ್ ತಮ್ಮ ಮನೆಯಿಂದ ಬರಿಗಾಲಲ್ಲಿ ಬಂದರು. ಘಟ್ಟದ ಮೇಲಿನವರು, ಒಳ್ಳೆಯ ಮನುಷ್ಯ. ಸಿಟ್ಟು ಬಂದರೆ ದನಿ ತಗ್ಗುತ್ತಿತ್ತು.

"ಪಾವ್ಲು, ಇವತ್ತು ಯಾವ ದಿನ?"

ಶಾಪಾಯ್ ನನ್ನ ಹೆಜ್ಜೆಯ ಸದ್ದು ಗುರುತಿಸಿದ್ದ. ಮುಖವನ್ನು ನನ್ನ ಕಡೆ ತಿರುಗಿಸಿದ. ಕಾಣದ ಕಣ್ಣು ನನ್ನ ಮೇಲೆ ಒಂದು ಗಳಿಗೆ ನಿಂತವು. ನನ್ನ ಹೆಗಲ ಮೇಲೆ ಅವನ ಪಂಜಿ ಇತ್ತು. ನನ್ನ ಮುಷ್ಟಿಯಲ್ಲಿ ಅವನ ವಾಚು. ನನ್ನ ಬಾಯಿಂದ ಮಾವಿನಕಾಯಿಯ ಸೊನೆಯ ವಾಸನೆ ಅವನಿಗೆ ಬಂದಿತ್ತೋ ಏನೋ.

"ಮರ್ತೋಯ್ತು ಫಾದರ್," ಎಂದ.

"ಶುಭ ಶುಕ್ರವಾರ ಮರೆಯುತ್ತದೆಯೇ? ಮೂವತ್ತು ವರ್ಷ ಹಗ್ಗ ಕಟ್ಟಿದವನಿಗೆ?"

"ಮುದುಕ ಆದೆ ಫಾದರ್. ಮರ್ತೋಯ್ತು. ತಪ್ಪಾಯ್ತು."

ಯಾರೋ ಹಿಂದಿನಿಂದ, "ಅಜ್ಜನ ತಲೆ ಸರಿ ಇಲ್ಲ ಕಾಣ್ತದೆ," ಎಂದರು. ಇನ್ಯಾರೋ, "ಇಂಥವರ ಕೈಯಲ್ಲಿ ಹಗ್ಗ ಕೊಡೂಕಾಗ್ತದ್ಯಾ? ನಾಳೆ ಪಾಸ್ಕಕ್ಕೆ ಸಾವಿನ ಗಂಟೆ ಹೊಡೀತಾ ನೋಡಿ," ಎಂದರು. ಫಾದರ್ ಇಗರ್ಜಿಯ ಕೆಲಸಕ್ಕೆ ಒದಗುತ್ತಿದ್ದ ಇನಾಸನನ್ನು ಕರೆದು ಹಗ್ಗ ತೆಗೆದುಕೊಳ್ಳಲು ಹೇಳಿದರು. ಶಾಪಾಯ್ ತಾನಾಗಿಯೇ ಕೊಟ್ಟ. ಕೊಡುವಾಗ ಹಗ್ಗದ ತುದಿಯ ಎಳೆಗಳನ್ನು ಬೆರಳಿಂದ ಹೊಸೆದು ನೇರಮಾಡಿ ಕೊಟ್ಟ.

ಅದು ನಾನು ಹೇಳಬೇಕಾಗಿದ್ದ ಹೊತ್ತು. "ಅವ ಮರೀಲಿಲ್ಲ. ನಾ ಗದ್ದೆಗೆ ಹೋಗಲಿಲ್ಲ. ಹೆಂಗಸ್ರು ಬಿಸಿಲಲ್ಲಿ ಕೂತಿದ್ರು, ಅದಕ್ಕೆ ಹೊಡ್ದ." ಇಷ್ಟೇ ಮಾತು. ನಾನು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಮಾವಿನಕಾಯಿಯ ನಾರನ್ನು ನಾಲಗೆಯಿಂದ ತಳ್ಳುತ್ತ ಸುಮ್ಮನೆ ನಿಂತೆ. ಜನ ಚದುರಿದರು.

ಮೂರು ಗಂಟೆಗೆ ಯೇಸುವಿನ ಕಷ್ಟದ ಕಥೆ ಓದಿದರು. ಬೆಂಕಿ ಕಾಯಿಸುತ್ತ ಕೂತ ಶಿಷ್ಯ ಪೇತ್ರ, ಯೇಸುವಿನ ಪರಿಚಯವೇ ನನಗಿಲ್ಲ ಎಂದ ಮೇಲೆ ಕೋಳಿ ಕೂಗುವ ಭಾಗ ಬಂದಾಗ ನಾನು ಮಾಯ್ ಸೆರಗಿನಲ್ಲಿ ಮುಖ ಹುದುಗಿಸಿದೆ. "ಹಸಿವಾ?" ಎಂದಳು ಮಾಯ್. ಹೌದೆಂದು ತಲೆಯಾಡಿಸಿದೆ.

ಸಂಜೆ ನಾಗಕ್ಕ ಬೇಲಿಯ ಹತ್ತಿರ ಬಂದಳು. ಮಡಿಲಲ್ಲಿ ಹಸಿ ಶೇಂಗಾ ಇತ್ತು.

"ಅಜ್ಜಗೆ ಕೊಡೇ. ಇವತ್ತು ಗಂಟೆ ಇಲ್ಲ ಹೇಳಿ ನಮಗೂ ಗೊತ್ತದೆ. ಪಂಜಿ ಕಾಣಲಿಲ್ಲ. ಅಲ್ಲಿ ಸುಬ್ಬಿಗೆ ಏಳು ತಿಂಗಳು, ಬಿಸಿಲಿಗೆ ಕಣ್ಣು ಕತ್ತಲೆ ಬಂದು ಕೂತಲ್ಲೇ ಓಲ್ತಿತ್ತು. ಏಳ್ತೆ ಹೇಳ್ದ್ರೆ ಗಣಪು ಬಿಡೂದಿಲ್ಲ. ನಾನೇ ಇಗರ್ಜಿ ಕಡೆ ತಿರುಗಿ, ಪಾವಲಜ್ಜಾ ಹೇಳಿ ಎರಡು ಸಲ ಕೂಗ್ದೆ. ಅಷ್ಟೊತ್ತಿಗೆ ಹೊಡ್ದ." ಆಮೇಲೆ ದನಿ ಇಳಿಸಿ, "ಬೈದ್ರನೇ ಅವಂಗೆ?" ಎಂದು ಕೇಳಿದಳು.

"ಇಲ್ಲ," ಎಂದೆ. ಅದು ಆ ದಿನದ ಎರಡನೆಯ ಸುಳ್ಳು.

ಶನಿವಾರ ರಾತ್ರಿ ಪಾಸ್ಕದ ಪೂಜೆ. ಕತ್ತಲೆಯಲ್ಲಿ ಮೇಣದ ಬತ್ತಿ ಹಿಡಿದು ಊರಿಡೀ ನಿಂತಿತ್ತು. ಮಹಿಮೆಯ ಹಾಡು ಎತ್ತಿದ ಕ್ಷಣಕ್ಕೆ ಗಂಟೆ ಹೊಡೆಯಬೇಕು. ಆ ಕ್ಷಣಕ್ಕಾಗಿ ಶಾಪಾಯ್ ವರ್ಷವಿಡೀ ಕಾಯುತ್ತಿದ್ದ. ಫಾದರ್ ಬಾಯಿ ತೆರೆಯುವುದೂ ಅವನು ಹಗ್ಗ ಎಳೆಯುವುದೂ ಒಂದೇ ಆಗುತ್ತಿತ್ತು. ಆ ರಾತ್ರಿ ಹಾಡು ಶುರುವಾಗಿ ಒಂದು ಸಾಲು ಮುಗಿದ ಮೇಲೆ ಇನಾಸನಿಗೆ ಎಚ್ಚರವಾಯಿತು. ಗಂಟೆ ಎಡವುತ್ತ ಬಂತು. ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ನಿಂತಿದ್ದ ಶಾಪಾಯ್ ಕಡೆ ನಾನು ತಿರುಗಿ ನೋಡಿದೆ. ಅವನ ಬಲಗೈ ಖಾಲಿ ಗಾಳಿಯನ್ನು ಹಿಡಿದು ಸರಿಯಾದ ಹೊತ್ತಿಗೇ ಕೆಳಗೆ ಬಂದಿತ್ತು. ಈಗ ಮತ್ತೆ ಮೇಲೆ ಹೋಗುತ್ತಿತ್ತು.

ನಮ್ಮಲ್ಲಿ ಸಂಜೆ ಜಪಸರ ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ನಿಂತು "ಬೆಸಾಂವ್" ಎಂದು ಆಶೀರ್ವಾದ ಕೇಳಬೇಕು. ಹಿರಿಯರು ತಲೆಯ ಮೇಲೆ ಕೈಯಿಟ್ಟು "ದೇವ್ ಬರೆಂ ಕರುಂ" ಅನ್ನುತ್ತಾರೆ, ದೇವರು ಒಳ್ಳೆಯದು ಮಾಡಲಿ ಎಂದು. ಶಾಪಾಯ್ ಕೈ ಮುಂಚೆ ತಟ್ಟಿ ತೆಗೆಯುವ ಕೈ. ಆ ಪಾಸ್ಕದ ನಂತರ ಅದು ನನ್ನ ತಲೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲತೊಡಗಿತು. ಏನೋ ಕೇಳಲಿಕ್ಕಿರುವವನಂತೆ ನಿಂತು, ಆಮೇಲೆ ಮಾತು ಹೇಳಿ ಕೈ ತೆಗೆಯುತ್ತಿದ್ದ. ಕಣ್ಣು ಕಾಣದ್ದಕ್ಕೆ ತಲೆ ಹುಡುಕುತ್ತಾನೆ ಎಂದುಕೊಂಡಿದ್ದೆ.

ಮೇ ತಿಂಗಳಲ್ಲಿ ಮಕ್ಕಳ ಪಾಪನಿವೇದನೆ ಬಂತು. ಮನೆಯಲ್ಲಿ ಹೇಳಲು ಧೈರ್ಯವಿರಲಿಲ್ಲ. ಅಲ್ಲಿಯಾದರೆ ಜಾಲರಿಯ ಆಚೆ ಮುಖ ಕಾಣುವುದಿಲ್ಲ. ಮೊಣಕಾಲೂರಿ ಎಲ್ಲ ಹೇಳಿದೆ. ಮಾವಿನಕಾಯಿ, ಪಂಜಿ, ವಾಚು, ನಾಗಕ್ಕನ ಕೂಗು. ಆಮೇಲೆ ಫಾದರ್ ಮೆಲ್ಲಗೆ ಹೇಳಿದರು:

"ಮಗಳೇ, ದೇವರು ಇದನ್ನು ಕ್ಷಮಿಸಿದ. ಆದರೆ ಇಲ್ಲಿ ಕೇಳಿದ್ದನ್ನು ನಾನು ಹೊರಗೆ ಒಯ್ಯುವ ಹಾಗಿಲ್ಲ. ಇದರ ಮೇಲೆ ಒಂದು ಹೆಜ್ಜೆಯನ್ನೂ ಇಡುವ ಹಾಗಿಲ್ಲ. ಇದೇ ಮಾತನ್ನು ಹೊರಗೆ ಬಂದು ಇನ್ನೊಮ್ಮೆ ನನಗೆ ಹೇಳು. ಇವತ್ತೇ ಹೇಳು."

ನಾನು ಹೊರಗೆ ಬಂದೆ. ಎಲ್ಲ ಮಕ್ಕಳದೂ ಮುಗಿದ ಮೇಲೆ ಫಾದರ್ ಬಂದು ಜಗುಲಿಯ ಮೇಲೆ ನಿಂತರು. ತಂಬಿಗೆಯಿಂದ ನೀರು ಕುಡಿದರು. ಕುಡಿದ ಮೇಲೂ ನಿಂತರು. ಏನೂ ಕೇಳಲಿಲ್ಲ, ಕೇಳುವ ಹಾಗೂ ಇರಲಿಲ್ಲ. ನಾನು ಕಂಬದ ಹಿಂದೆ ನಿಂತು ಚಪ್ಪಲಿಯ ಪಟ್ಟಿ ಸರಿಮಾಡುತ್ತ, ನಾಳೆ ಭಾನುವಾರ, ನಾಳೆ ಹೇಳುತ್ತೇನೆ ಎಂದುಕೊಂಡು ಮನೆಗೆ ಓಡಿದೆ.

ಆ ಭಾನುವಾರ ಜನ ಬಹಳವಿದ್ದರು. ಮುಂದಿನ ಭಾನುವಾರ ಮಳೆ ಬಂತು. ಅದರ ಮುಂದಿನ ವಾರ ಫಾದರ್ ಅವರಿಗೆ ಘಟ್ಟದ ಮೇಲಿನ ಊರಿಗೆ ವರ್ಗವಾಯಿತು. ಟೆಂಪೋಗೆ ಪುಸ್ತಕದ ಪೆಟ್ಟಿಗೆ ಏರಿಸುವಾಗ ನಾವು ಮಕ್ಕಳೆಲ್ಲ ಸುತ್ತ ನಿಂತಿದ್ದೆವು. ಫಾದರ್ ಎಲ್ಲರ ತಲೆ ಮುಟ್ಟಿ, ನನ್ನನ್ನು ಒಂದು ಕ್ಷಣ ನೋಡಿ, ಹತ್ತಿ ಕೂತರು. ಹೊಸಬರಿಗೆ ಶಾಪಾಯ್ ಎಂದರೆ ತಲೆ ಕೆಟ್ಟು ಶುಭ ಶುಕ್ರವಾರ ಗಂಟೆ ಹೊಡೆದ ಮುದುಕ, ಅಷ್ಟೇ. ಅವರಿಗೆ ಹೇಳುವುದು ಇನ್ನೂ ಕಷ್ಟವಾಯಿತು.

ಶಾಪಾಯ್‌ಗೆ ಹೇಳಬಹುದಿತ್ತಲ್ಲ. ಅವನಿಗೆ ಗೊತ್ತಿರುವುದನ್ನೇ ಅವನಿಗೆ ಹೇಳುವುದಕ್ಕೆ ಎಷ್ಟು ಸಲ ಹೊರಟೆನೋ. ಅವನು ಜಗುಲಿಯಲ್ಲಿ ಕೂತು ಬಲೆಯ ಹಳೆ ದಾರದಿಂದ ಹಗ್ಗ ಹೊಸೆಯುತ್ತಿದ್ದ. ಯಾವುದಕ್ಕೂ ಬೇಡದ ಹಗ್ಗ. ಹನ್ನೆರಡಾಗುವ ಮುಂಚೆ ಕೈ ನಿಲ್ಲುತ್ತಿತ್ತು. ಗಂಟೆಯಾದ ಮೇಲೆ, "ಇವತ್ತು ನಾಲ್ಕು ನಿಮಿಷ ತಡ," ಅನ್ನುತ್ತಿದ್ದ. ನಾನು ಒಳಗೆ ಹೋಗಿ ವಾಚು ನೋಡಿದರೆ ಸರಿಯಾಗಿ ನಾಲ್ಕು ನಿಮಿಷ. ತಲೆ ಕೆಟ್ಟ ಮುದುಕನ ಲೆಕ್ಕ ಒಂದು ದಿನವೂ ತಪ್ಪಲಿಲ್ಲ.

ಮಾತೂ ಕಡಿಮೆಯಾಯಿತು. ಜಡಿಮಳೆಯಲ್ಲಿ ಹಿಡಿದ ಕೆಮ್ಮು ಕ್ರಿಸ್ಮಸ್ಸಿಗೂ ಬಿಡಲಿಲ್ಲ. ಅಪ್ಪ ಅಂಕೋಲೆಯ ಡಾಕ್ಟರರ ಹತ್ತಿರ ಎರಡು ಸಲ ಕರೆದುಕೊಂಡು ಹೋದ. ತಪಸ್ಸಿನ ಕಾಲ ಬಂತು, ಶೇಂಗಾ ಕೀಳುವ ಕಾಲ ಬಂತು. ಈ ಪಾಸ್ಕಕ್ಕೆ ಹೇಳಿಯೇಬಿಡುತ್ತೇನೆ ಎಂದು ನಾನು ನಿಶ್ಚಯ ಮಾಡಿಕೊಂಡೆ. ಹಬ್ಬದ ದಿನ ಬೆಸಾಂವ್ ಕೇಳುವಾಗ, ಎಲ್ಲರ ಮುಂದೆ. ಅದಕ್ಕಿಂತ ಒಳ್ಳೆಯ ಹೊತ್ತು ಯಾವುದಿದೆ ಎಂದುಕೊಂಡೆ.

ಪವಿತ್ರ ಗುರುವಾರ ಸಂಜೆ ಮಹಿಮೆಯ ಹಾಡಿಗೆ ಇನಾಸ ಉದ್ದಕ್ಕೆ ಗಂಟೆ ಹೊಡೆದ. ಅದು ನಿಂತ ಮೇಲೆ ಹಗ್ಗ ಮೇಲೆತ್ತಿ ಕಟ್ಟಿದ. ಮಂಚದ ಮೇಲೆ ಮಲಗಿದ್ದ ಶಾಪಾಯ್ ಅದನ್ನು ಕೇಳಿಸಿಕೊಂಡ ಎಂದು ಅವನ ಬಳಿ ಕೂತಿದ್ದ ಮಾಯ್ ಹೇಳಿದಳು. ನಾವು ಇಗರ್ಜಿಯಿಂದ ಬಂದಾಗ ಉಸಿರು ಬೇರೆ ಥರವಾಗಿತ್ತು. ಬೆಳಕು ಹರಿಯುವುದರೊಳಗೆ ಹೋದ.

ನಮ್ಮಲ್ಲಿ ಯಾರು ತೀರಿಕೊಂಡರೂ ಸಾವಿನ ಗಂಟೆ ಹೊಡೆಯುತ್ತಾರೆ. ನಿಧಾನ, ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಒಂದು ಪ್ರಾರ್ಥನೆಯಷ್ಟು ಬಿಡುವು. ಗದ್ದೆಯಲ್ಲಿದ್ದವರೂ ಕೇಳಿ ಯಾರು ಎಂದು ವಿಚಾರಿಸುತ್ತಿದ್ದರು. ಮೂವತ್ತು ವರ್ಷ ಊರಿನ ಎಲ್ಲ ಸಾವಿಗೂ, ತನ್ನ ಹೆಂಡತಿಯ ಸಾವಿಗೂ ಶಾಪಾಯ್ ತಾನೇ ಹೊಡೆದಿದ್ದ. ಅವನಿಗೆ ಗಂಟೆ ಇರಲಿಲ್ಲ. ಅಂದು ಶುಭ ಶುಕ್ರವಾರ. ಹಾಡಿನ ಪೂಜೆಯೂ ಇಲ್ಲ. ಸೆಕೆಗಾಲ, ಕಾಯುವಂತೆಯೂ ಇರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ನಾಲ್ಕು ಜನ ಹೊತ್ತು ನಡೆದರು. ಮುಂದೆ ಕಟಕಟಿ ಅಲ್ಲಾಡಿಸುತ್ತ ಇನಾಸ. ಸ್ವಲ್ಪ ದೂರ ಹೋದ ಮೇಲೆ ನಾನು ಕೈ ಚಾಚಿದೆ, ಅವನು ಕೊಟ್ಟ. ಕಟ ಕಟ ಕಟ. ಆ ಸದ್ದು ಗದ್ದೆಗೆ ಮುಟ್ಟಲಿಲ್ಲ. ನಾಗಕ್ಕ, ಸುಬ್ಬಿ ಎಲ್ಲ ತಲೆ ತಗ್ಗಿಸಿ ಶೇಂಗಾ ಕೀಳುತ್ತಲೇ ಇದ್ದರು. ಯಾರು ಹೋಗುತ್ತಿದ್ದಾರೆಂದು ಅವರಿಗೆ ಗೊತ್ತಾಗಲಿಲ್ಲ.

ಮಣ್ಣು ಹಾಕಿ ಬಂದ ಮೇಲೆ ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದ ಮಾಯ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅಳುತ್ತ, ಹಿಂದೆ ಮುಂದೆ ಮಾಡಿ ಹೇಳಿದೆ. ಅವಳು ತಂಬಿಗೆ ಕೆಳಗಿಟ್ಟಳು.

"ನಂಗೆ ಗೊತ್ತಿತ್ತು."

"ಯಾರು ಹೇಳ್ದ್ರು?"

"ಪಾಸ್ಕದ ಮರುದಿನವೇ ನಾಗಕ್ಕ ಹೇಳ್ದಳು, ಪಂಜಿ ಬರಲಿಲ್ಲ ಹೇಳಿ. ನಿನ್ನ ಹೆಗಲ ಮೇಲೆ ಪಂಜಿ ನಾನೇ ನೋಡಿದ್ದೆ. ಮಾವನ ಹತ್ರ ಕೇಳ್ದೆ. ಫಾದರಿಗೆ ಹೇಳ್ತೆ, ಹಗ್ಗ ತಿರುಗಿ ಕೊಡ್ತ್ರು ಅಂದೆ. ಬೇಡ ಅಂದ. ‘ಅವಳ ಬಾಯಿಂದ ಬರ್ಬೇಕು. ಕೇಳ್ಬೇಡ. ಹೊತ್ತಾದಾಗ ತಾನೇ ಹೇಳ್ತದೆ ಮಗು’ ಹೇಳಿ ಹೇಳ್ದ. ದಿನಾ ಸಂಜೆ ಜಪಸರ ಆದ್ಮೇಲೆ ನನ್ನ ಕೇಳ್ತಿದ್ದ, ಇವತ್ತು ಎಂತಾದ್ರೂ ಹೇಳ್ತಾ ಫಿಲು, ಹೇಳಿ."

ನನ್ನ ತಲೆಯ ಮೇಲೆ ನಿಲ್ಲುತ್ತಿದ್ದ ಆ ಕೈ ಏನು ಕಾಯುತ್ತಿತ್ತೆಂದು ಆಗ ತಿಳಿಯಿತು.

ಈಗ ನಾನು ಅಂಕೋಲೆಯಲ್ಲಿದ್ದೇನೆ. ಮೊಮ್ಮಕ್ಕಳಿಲ್ಲ, ಮಕ್ಕಳಿದ್ದಾರೆ; ಅವರು ಬೆಸಾಂವ್ ಕೇಳುವುದು ಫೋನಿನಲ್ಲಿ, ನೆನಪಾದಾಗ. ಊರಿನ ಇಗರ್ಜಿ ದೊಡ್ಡದಾಗಿದೆ. ಗಂಟೆಯನ್ನು ಬಣ್ಣ ಬಳಿದು ಅಂಗಳದಲ್ಲಿ ನೋಡಲಿಕ್ಕೆ ಇಟ್ಟಿದ್ದಾರೆ. ಮೇಲೆ ನಾಲ್ಕು ಸ್ಪೀಕರ್. ಆರು, ಹನ್ನೆರಡು, ಏಳಕ್ಕೆ ತಾನಾಗಿಯೇ ಹಾಡು ಬರುತ್ತದೆ, ಒಂದು ಸೆಕೆಂಡೂ ತಪ್ಪುವುದಿಲ್ಲ. ಶೇಂಗಾ ಗದ್ದೆಯ ಅರ್ಧ ಹೆದ್ದಾರಿಗೆ ಹೋಯಿತು, ಉಳಿದರ್ಧದಲ್ಲಿ ಮುಳ್ಳುಗಿಡ. ನಾಗಕ್ಕ ಹೋಗಿ ಎಷ್ಟೋ ವರ್ಷವಾಯಿತು. ಎಲ್ಲರ ಕೈಯಲ್ಲೂ ಹೊತ್ತು ಇದೆ. ಹಸಿದವರು ಬಿಸಿಲಲ್ಲಿ ಕೂತಿದ್ದಾರೆಂದು ತನ್ನ ದೇವರ ದುಃಖವನ್ನು ಮುರಿದು ಹಗ್ಗ ಎಳೆಯುವವನು ಮಾತ್ರ ಇಲ್ಲ. ಕೇಳದೆ ಕಾಯುವ ಕೈಯೂ ಇಲ್ಲ.

ಶಾಪಾಯ್ ಹೋದ ಮರುದಿನ ಶನಿವಾರ. ಆ ದಿನವೂ ಗಂಟೆ ಇರಲಿಲ್ಲ. ಮನೆಯಲ್ಲಿ ನೆಂಟರು ತುಂಬಿದ್ದರು. ಮಾಜಾಳಿಯಿಂದ ಬಂದ ಅತ್ತೆ ಅಕ್ಕಿ ಆರಿಸುತ್ತಿದ್ದಳು. ನಾನು ಮೊಳೆಯಿಂದ ಪಂಜಿ ತೆಗೆದುಕೊಂಡೆ. ವಾಚಿಗೆ ಚಾವಿ ಕೊಟ್ಟು, ರೇಡಿಯೋ ಹಾಕಿ ಮುಳ್ಳು ಸರಿಮಾಡಿದೆ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗಲೇ ಗದ್ದೆಯ ತಲೆಗೆ ಹೋಗಿ ನಿಂತೆ. ಬಿಸಿಲು ಜೋರಿತ್ತು. ಎರಡೂ ಮುಳ್ಳು ಒಂದರ ಮೇಲೊಂದು ಬಂದವು. ನಾನು ಪಂಜಿಯನ್ನು ಎತ್ತಿ ಮೂರು ಸಲ ಬೀಸಿದೆ.

ನಾಗಕ್ಕ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು.

"ಅಜ್ಜ ಎಲ್ಲೇ?" ಎಂದು ಕೂಗಿದಳು.

ನಾನು ಹೇಳಿದೆ. ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಆ ದಿನ ಗಣಪು ಊಟಕ್ಕೆ ಹೋಗಿ ಎಂದು ಎರಡು ಸಲ ಹೇಳಬೇಕಾಯಿತು.